ಅಡ್ಡ ಹೋದ ಲಿಫ್ಟು

ಬೀದಿಯವರು ಅವನನ್ನು ಅಚ್ಚುಕಟ್ಟಪ್ಪ ಎಂದು ಕರೆಯುತ್ತಿದ್ದುದು ಹೊಗಳಿಕೆಗೋ ಗೇಲಿಗೋ ಎಂಬುದು ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಹೊಗಳಿಕೆ ಎಂದು ನಂಬಿದ್ದವನು ಅವನೊಬ್ಬನೇ. ನಗರಸಭೆಯ ದಾಖಲೆ ಕೊಠಡಿಯಲ್ಲಿ ಇಪ್ಪತ್ಮೂರು ವರ್ಷದಿಂದ ಅವನದು ಒಂದೇ ಕೆಲಸ: ಯಾವ ಕಾಗದಕ್ಕೆ ಎರಡು ಪ್ರತಿ ಇದೆಯೋ ಹುಡುಕುವುದು, ಒಂದನ್ನು ಕಪಾಟಿಗೆ ಸೇರಿಸುವುದು, ಇನ್ನೊಂದರ ನೆತ್ತಿಗೆ ‘ಹೆಚ್ಚುವರಿ’ ಎಂಬ ಕೆಂಪು ಮೊಹರು ಒತ್ತಿ ಚೂರು ಮಾಡುವ ಯಂತ್ರಕ್ಕೆ ತಿನ್ನಿಸುವುದು. ಇದನ್ನೇ ಮಾಡುತ್ತ ಮಾಡುತ್ತ, ಲೋಕದಲ್ಲಿ ಎರಡೆರಡಾಗಿರುವ ಏನನ್ನು ಕಂಡರೂ ಅವನ ಕೈ ತುರಿಸತೊಡಗಿತ್ತು. ಮನೆಯಲ್ಲಿ ಎರಡು ಕತ್ತರಿ ಇರಬಾರದು, ಎರಡು ಕ್ಯಾಲೆಂಡರ್ ಇರಬಾರದು. ಮದುವೆಯಾದ ಹೊಸತರಲ್ಲಿ ಹೆಂಡತಿಯ ಬಳಿ ಎರಡು ಕೊಡೆ ಇರುವುದನ್ನು ಪತ್ತೆ ಮಾಡಿ ಒಂದನ್ನು ಯಾರಿಗೋ ಕೊಟ್ಟುಬಿಟ್ಟಿದ್ದ. ಆ ಮಳೆಗಾಲದಲ್ಲಿ ಗಂಡಹೆಂಡತಿ ಒಂದೇ ಕೊಡೆಯಡಿ ಅರ್ಧರ್ಧ ನೆನೆದರು.

“ಆಗ ನಮ್ಮಿಬ್ಬರ ಮಧ್ಯೆ ಎಷ್ಟು ಪ್ರೀತಿ ಇತ್ತು” ಎಂದು ಅವನು ಈಗಲೂ ಹೇಳುವುದುಂಟು.

“ಎಷ್ಟು ನೆಗಡಿ ಇತ್ತು” ಎಂದು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದ ಅವನ ಹೆಂಡತಿ ತಿದ್ದುತ್ತಿದ್ದಳು.

ಮನೆಯಲ್ಲಿದ್ದ ಮೂರನೆಯ ಜೀವ ಮಾವ, ಅಂದರೆ ಹೆಂಡತಿಯ ಅಪ್ಪ. ನಲವತ್ತು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಅತ್ತೆ ತೀರಿಕೊಂಡ ಮೇಲೆ ಒಂದು ಪೆಟ್ಟಿಗೆ ಬಟ್ಟೆ, ಎರಡು ಪೆಟ್ಟಿಗೆ ಸ್ಪಾನರು ಹೊತ್ತು ಮಗಳ ಮನೆಗೆ ಬಂದಿದ್ದರು. ಬಂದ ತಿಂಗಳಿಗೇ ಹಜಾರದ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಎರಡೇ ಬೆರಳಲ್ಲಿ ಕುಟ್ಟಿ ಕುಟ್ಟಿ ತಮ್ಮ ಜೀವನಚರಿತ್ರೆ ಬರೆಯಲು ಶುರು ಮಾಡಿದರು. ಹೆಸರು ‘ಮಹಡಿಗಳ ನಡುವೆ’. ಆರು ವರ್ಷ ಬರೆದರು. ಕಣ್ಣಿಗೆ ಪೊರೆ ಬೆಳೆದಂತೆ ಪರದೆಯ ಅಕ್ಷರವೂ ಬೆಳೆಯಿತು. ಕೊನೆಕೊನೆಗೆ ಒಂದು ಪರದೆಗೆ ನಾಲ್ಕೇ ಪದ ಹಿಡಿಸುತ್ತಿದ್ದವು. ನಾನ್ನೂರ ಹನ್ನೆರಡನೇ ಪುಟದ ಕೊನೆಯ ಸಾಲನ್ನು ಅವರು ಅಂದಾಜಿನ ಮೇಲೆ ಟೈಪ್ ಮಾಡಿ, “ಚುಕ್ಕಿ ಬಿತ್ತೇನಮ್ಮ?” ಎಂದು ಮಗಳನ್ನು ಕೇಳಿದರು. ಚುಕ್ಕಿ ಬಿದ್ದಿತ್ತು. ಅಲ್ಲಿಗೆ ಕಣ್ಣೂ ಮುಗಿದಿತ್ತು. ರಕ್ತದೊತ್ತಡ ಇಳಿಯುವ ತನಕ ಪೊರೆ ತೆಗೆಯುವುದಿಲ್ಲ ಎಂದು ಕಣ್ಣಾಸ್ಪತ್ರೆಯವರು ಮುಂದೂಡುತ್ತಲೇ ಇದ್ದರು.

“ಅಳಿಯಂದ್ರೇ, ಭಾನುವಾರದಿಂದ ನೀವೇ ಮೊದಲಿಂದ ಓದಿ ಹೇಳಬೇಕು. ತಪ್ಪು ತಿದ್ದಿ ಅಚ್ಚಿಗೆ ಕೊಟ್ಟುಬಿಡೋಣ” ಎಂದರು ಮಾವ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಅವರು ಅಳಿಯನಿಗೆ ‘ನೀನು’ ಎಂದವರಲ್ಲ.

ಇದೇ ವಾರ ಅಚ್ಚುಕಟ್ಟಪ್ಪನಿಗೆ ಒಂದು ದೊಡ್ಡ ವಿಜಯ ಲಭಿಸಿತ್ತು. ಹಜಾರದಲ್ಲಿ ಮಾವನ ಕಂಪ್ಯೂಟರು, ಅಡುಗೆಮನೆ ಪಕ್ಕದ ಮೇಜಿನ ಮೇಲೆ ಹೆಂಡತಿಯ ಲ್ಯಾಪ್‌ಟಾಪು, ಮಲಗುವ ಕೋಣೆಯಲ್ಲಿ ಕಚೇರಿಯವರು ಬಿಸಾಡಿದ್ದನ್ನು ತಂದು ಬದುಕಿಸಿಕೊಂಡಿದ್ದ ತನ್ನ ಸ್ವಂತದ್ದು, ಈ ಮೂರನ್ನೂ ವೈಫೈ ಡಬ್ಬಿಯ ಮೂಲಕ ಒಂದಕ್ಕೊಂದು ಪರಿಚಯ ಮಾಡಿಸಿದ್ದ. ಎರಡು ಭಾನುವಾರ ಹಿಡಿದಿತ್ತು. ಈ ಕಂಪ್ಯೂಟರಿನ ಫೋಲ್ಡರನ್ನು ಯಾರು ಯಾರು ಓದಬಹುದು, ಯಾರು ಬದಲಿಸಬಹುದು, ಯಾರು ಅಳಿಸಬಹುದು ಎಂದು ಯಂತ್ರ ಕೇಳಿದಾಗಲೆಲ್ಲ, ಉದಾರಿಯಾದ ಅವನು ‘ಎಲ್ಲರೂ’ ಎಂದೇ ಒತ್ತಿದ್ದ. ಮಾವನ ಫೋಲ್ಡರು ತನ್ನ ಪರದೆಯ ಮೇಲೆ ಪ್ರತ್ಯಕ್ಷವಾದ ಕ್ಷಣದಲ್ಲಿ ಅವನು ಕುರ್ಚಿಯಿಂದ ಎದ್ದು ನಿಂತು ಸುಮ್ಮನೆ ಕೋಣೆಯಲ್ಲಿ ಒಂದು ಸುತ್ತು ಹಾಕಿದನಂತೆ.

ಮರುದಿನ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಘೋಷಿಸಿದ: “ನಮ್ಮನೇಲಿ ಮೂರು ಕಂಪ್ಯೂಟರ್ರೂ ಒಂದರ ಜೊತೆ ಒಂದು ಮಾತಾಡ್ತವೆ.”

ಟಪಾಲು ಗುಮಾಸ್ತ ತುತ್ತು ನುಂಗಿ, “ಪುಣ್ಯವಂತರು ಸಾರ್. ನಮ್ಮನೇಲಿ ಮನುಷ್ಯರೇ ಮಾತಾಡಲ್ಲ” ಎಂದ.

ಶನಿವಾರ ಮಧ್ಯಾಹ್ನ ಹೆಂಡತಿ ಶಾಲೆಯಲ್ಲಿದ್ದಳು, ಮಾವ ಒರಗು ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ಅಚ್ಚುಕಟ್ಟಪ್ಪ ತನ್ನ ಸಾಮ್ರಾಜ್ಯದ ಪರಿಶೀಲನೆಗೆ ಹೊರಟ. ಹಜಾರದಲ್ಲಿ ನೋಡಿದ: ‘ಮಹಡಿಗಳ ನಡುವೆ’ ಇದೆ. ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ನೋಡಿದ: ಅಲ್ಲೂ ಇದೆ. ತನ್ನದರಲ್ಲಿ ನೋಡಿದ: ಅಲ್ಲೂ ಇದೆ! ಒಂದೇ ಪುಸ್ತಕಕ್ಕೆ ಮೂರು ಪ್ರತಿ. ಇಪ್ಪತ್ಮೂರು ವರ್ಷದ ಸೇವೆ ಅವನ ಬೆರಳಿನ ತುದಿಗೆ ಇಳಿಯಿತು. ತನ್ನ ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿದ. ಹೆಂಡತಿಯದನ್ನೂ ಅಳಿಸೋಣವೆಂದು ಹೋದರೆ ಅಲ್ಲಿ ಆಗಲೇ ಇರಲಿಲ್ಲ. ‘ನಾನು ಹೇಳುವ ಮೊದಲೇ, ಶಾಲೆಯಲ್ಲಿದ್ದುಕೊಂಡೇ ಹೇಗೋ ಅಳಿಸಿದ್ದಾಳೆ. ಕೊನೆಗೂ ನನ್ನ ದಾರಿಗೆ ಬಂದಳು’ ಎಂದು ಮನಸ್ಸು ತುಂಬಿ ಬಂತು. ಆ ಸಂತೋಷದಲ್ಲೇ ಹಜಾರಕ್ಕೆ ಹೋಗಿ, ಮಾವನ ಯಂತ್ರದ ಖಾಲಿ ಜಾಗವನ್ನೆಲ್ಲ ಗುಡಿಸಿ ಒರೆಸುವ ಒಂದು ಪ್ರೋಗ್ರಾಮನ್ನು ಹಾಕಿ, ಅದು ಮುಗಿದ ಮೇಲೆ ಮತ್ತೊಮ್ಮೆ ಹಾಕಿದ. ಅನಂತರವೇ ಅಸಲು ಪ್ರತಿಯನ್ನು ಕಣ್ತುಂಬ ನೋಡೋಣವೆಂದು ಮಾವನ ಫೋಲ್ಡರು ತೆರೆದದ್ದು.

ಫೋಲ್ಡರು ಇತ್ತು. ಒಳಗೆ ಏನೂ ಇರಲಿಲ್ಲ.

ಅವನು ಪರದೆಯನ್ನು ಕರವಸ್ತ್ರದಿಂದ ಒರೆಸಿದ. ಆಗಲೂ ಇರಲಿಲ್ಲ.

ಸೋಮವಾರ ಕಚೇರಿಗೆ ಅರ್ಧ ದಿನ ರಜೆ ಹಾಕಿ, ಮಾವನ ಕಂಪ್ಯೂಟರಿನ ಪೆಟ್ಟಿಗೆಯನ್ನು ಹೊದಿಕೆಯಲ್ಲಿ ಸುತ್ತಿಕೊಂಡು ರಿಪೇರಿ ಅಂಗಡಿಗೆ ಹೋದ. ರಿಪೇರಿಯವನು ಎಲ್ಲ ಕೇಳಿಸಿಕೊಂಡು, ಸ್ಕ್ರೂಡ್ರೈವರ್ ಕೆಳಗಿಟ್ಟ.

“ಸಾರ್, ಒಂದು ಮನೆಗೆ ಮೂರು ಕಿಟಕಿ. ಮೂರು ಕಿಟಕೀಲೂ ಒಂದು ಮರ ಕಾಣ್ಸುತ್ತೆ. ಒಟ್ಟು ಎಷ್ಟು ಮರ?”

“ಒಂದು.”

“ನೀವು ಒಂದು ಕಿಟಕಿಯಿಂದ ಕೈ ಹಾಕಿ ಮರ ಕಡಿದಿದೀರಿ. ಆಮೇಲೆ ಎರಡನೇ ಕಿಟಕಿಗೆ ಹೋಗಿ, ಇಲ್ಲಿ ಮರ ಇಲ್ವಲ್ಲ ಅಂತ ಖುಷಿಪಟ್ಟಿದೀರಿ.”

“ಕಸದ ಬುಟ್ಟೀಲಿ ಸಿಗಲ್ವಾ?”

“ಬೇರೆ ಕಂಪ್ಯೂಟರಿಂದ ಅಳಿಸಿದ್ದು ಬುಟ್ಟಿಗೆ ಬರಲ್ಲ ಸಾರ್, ನೇರ ಸ್ಮಶಾನಕ್ಕೆ. ಆದ್ರೂ ಅಗೆದು ತೆಗೀಬಹುದು. ಅಳಿಸಿದ ಮೇಲೆ ಇದ್ರಲ್ಲಿ ಏನೂ ಮಾಡಿಲ್ಲ ತಾನೇ?”

“ಖಾಲಿ ಜಾಗ ಚೊಕ್ಕಟ ಮಾಡೋ ಪ್ರೋಗ್ರಾಮ್ ಓಡಿಸ್ದೆ. ಎರಡು ಸಲ.”

“ಎರಡು ಸಲ ಯಾಕೆ?”

“ಅಚ್ಚುಕಟ್ಟಾಗಿರ್ಲಿ ಅಂತ.”

ರಿಪೇರಿಯವನು ಕೊನೆಯ ಆಸೆಯಿಂದ ಕೇಳಿದ: “ಪೆನ್‌ಡ್ರೈವಲ್ಲಿ ಎಲ್ಲಾದ್ರೂ ಇನ್ನೊಂದು ಕಾಪಿ?”

“ಇತ್ತು. ಹೋದ ತಿಂಗಳು ತೆಗೆದು ಹಾಕ್ದೆ. ಹೆಚ್ಚುವರಿ ಆಗಿತ್ತು.”

ರಿಪೇರಿಯವನು ಎದ್ದು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಸತ್ತವರ ಮನೆಗೆ ಹೋದಾಗ ನಿಲ್ಲುವ ಹಾಗೆ ನಿಂತುಕೊಂಡ. ಅಂಗಡಿಯ ಮೆಟ್ಟಿಲಿಳಿಯುವ ತನಕ ಅಚ್ಚುಕಟ್ಟಪ್ಪನ ಭುಜದ ಮೇಲೆ ಕೈಯಿಟ್ಟು ಕಳಿಸಿಕೊಟ್ಟ.

ನಿಜ ಹೇಳಿಬಿಡಬೇಕೆಂದು ಅವನು ಮನೆಗೆ ಬಂದದ್ದು ಸತ್ಯ. ಆದರೆ ಹಜಾರದಲ್ಲಿ ಮಾವ ಆಗಲೇ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಕೂತಿದ್ದರು. “ಭಾನುವಾರ ತಲೆನೋವು ಅಂದ್ರಿ. ಇವತ್ತು ಸರಿ ಹೋಯ್ತಾ ಅಳಿಯಂದ್ರೇ? ಶುರು ಮಾಡೋಣ್ವಾ?” ಎಂದರು. ಅವರ ಮುಖ ನೋಡಿದವನ ಬಾಯಲ್ಲಿ ನಿಜ ಬರಲಿಲ್ಲ. “ಮಾಡೋಣ ಮಾವ” ಎಂದು ಬಂತು.

ಹೀಗೆ ಅವನು ಖಾಲಿ ಪರದೆಯ ಮುಂದೆ ಕೂತು ಓದತೊಡಗಿದ. ಆರು ವರ್ಷ ಊಟದ ಹೊತ್ತಲ್ಲಿ ಮಾವ ತಮ್ಮ ಕಥೆಗಳನ್ನೆಲ್ಲ ಹೇಳಿದ್ದರು, ಅವನು ಆರು ವರ್ಷ ತಲೆಯಾಡಿಸಿದ್ದ. ಈಗ ನೆನಪಿಗೆ ಬಂದದ್ದು ತಲೆಯಾಡಿಸಿದ್ದು ಮಾತ್ರ.

“ಒಂದನೇ ಅಧ್ಯಾಯ. ನಾನು ಕೆಲಸಕ್ಕೆ ಸೇರಿದ ದಿನ ಆಕಾಶದಲ್ಲಿ ಮೋಡ ಕವಿದಿತ್ತು...”

“ಮೋಡ?”

“ಮೋಡ ಮಾವ.”

“ನಾನು ಸೇರಿದ್ದು ನೆಲಮಾಳಿಗೇಲಿ, ಮೋಟರ್ ರೂಮಲ್ಲಿ. ಅಲ್ಲಿ ನಾನು ಮೋಡ ಎಲ್ಲಿ ಕಂಡೆ?” ಮಾವ ಹಣೆ ಉಜ್ಜಿಕೊಂಡರು. “ಸರಿ, ಮುಂದೆ ಓದಿ.”

ಮುಂದೆ ಓದಿದ. ದಾಖಲೆ ಕೊಠಡಿಯ ಗುಮಾಸ್ತನಿಗೆ ಲಿಫ್ಟಿನ ಬಗ್ಗೆ ಗೊತ್ತಿದ್ದುದು ಇಷ್ಟೇ: ಬಟನ್ ಒತ್ತಿದರೆ ಬರುತ್ತದೆ, ಕೆಲವು ಸಲ ಬರುವುದಿಲ್ಲ. ಇಷ್ಟು ಬಂಡವಾಳದಲ್ಲಿ ದಿನಕ್ಕೊಂದು ಅಧ್ಯಾಯ ಹೊಸೆಯಬೇಕಿತ್ತು. ಎರಡನೇ ದಿನದ ಅಧ್ಯಾಯದಲ್ಲಿ ಮಾವ ಲಿಫ್ಟಿನ ಹಗ್ಗಕ್ಕೆ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿದರು. ಮೂರನೇ ದಿನ ಹತ್ತೊಂಬತ್ತು ಜನ ಸಿಕ್ಕಿಬಿದ್ದಿದ್ದ ಲಿಫ್ಟನ್ನು ಒಂದೇ ಕೈಯಲ್ಲಿ ಮೇಲಕ್ಕೆಳೆದರು. ನಾಲ್ಕನೇ ದಿನ ಅವನಿಗೆ ಏನೂ ತೋಚದೆ ಹೋಗಿ ಬಾಯಿಗೆ ಬಂದದ್ದು ಆಡಿದ: “ಅವತ್ತು ಗಾಳಿ ಎಷ್ಟು ಜೋರಾಗಿತ್ತು ಅಂದ್ರೆ, ನಾಲ್ಕನೇ ಮಹಡೀಲಿ ಲಿಫ್ಟು ಅಡ್ಡಡ್ಡ ಹೋಗಿಬಿಡ್ತು.”

ಮಾವ ಒರಗಿದ್ದ ಬೆನ್ನನ್ನು ನೆಟ್ಟಗೆ ಮಾಡಿದರು.

“ಅಡ್ಡ ಹೋಯ್ತು ಅಂತ ಬರ್ದಿದೀನಾ?”

“ಹೂಂ ಮಾವ.”

“ನಾನೇ?”

“ನೀವೇ ಮಾವ. ದಪ್ಪ ಅಕ್ಷರದಲ್ಲಿದೆ.”

ಮಾವನ ಎರಡು ಕೈಗಳೂ ಮಡಿಲಲ್ಲಿ ಇಲ್ಲದ ಸ್ಪಾನರು ತಿರುಗಿಸುತ್ತಿದ್ದವು. “ನಲವತ್ತು ವರ್ಷ ಲಿಫ್ಟಿನ ಜೊತೆ ಬಾಳಿದೋನು” ಎಂದರು ಕೊನೆಗೆ, “ಅದು ಅಡ್ಡ ಹೋಗುತ್ತೆ ಅಂತ ಬರ್ದಿದೀನಾ...” ಪೊರೆಗಣ್ಣಿನಿಂದ ನೀರು ಇಳಿಯಿತು. ಅಳಿಯ ಕಂಪ್ಯೂಟರ್ ಆರಿಸಿದ. ಆರಿಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ, ಅದು ಬೇರೆ ಮಾತು.

ಅಂದಿನಿಂದ ಮಾವ ತಮ್ಮ ತಲೆಯನ್ನು ತಾವೇ ಪರೀಕ್ಷಿಸಲು ಶುರು ಮಾಡಿದರು. ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಹಗ್ಗ, ಗಾಲಿ, ತೂಕದ ಕಲ್ಲು ಎಂದು ಲಿಫ್ಟಿನ ಬಿಡಿಭಾಗಗಳ ಹೆಸರನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಒಪ್ಪಿಸುವರು. ಸ್ಪಾನರುಗಳನ್ನು ತಡವಿ ತಡವಿ ಎಣಿಸುವರು. ಹೆಂಡತಿ ಬಚ್ಚಲ ಬಾಗಿಲಿಗೆ ಕಿವಿಗೊಟ್ಟು ಕೇಳಿ, ಅಡುಗೆಮನೆಗೆ ಬಂದು ಸೆರಗು ಬಾಯಿಗೊತ್ತಿಕೊಂಡಳು.

“ರೀ, ಅಪ್ಪನ ತಲೆ ಹೋಗ್ತಾ ಇದೆ ಕಣ್ರೀ. ಬಚ್ಚಲಲ್ಲಿ ‘ತೂಕದ ಕಲ್ಲು, ತೂಕದ ಕಲ್ಲು’ ಅಂತಿದಾರೆ.”

“ವಯಸ್ಸಾಯ್ತಲ್ಲ” ಎಂದ ಅಚ್ಚುಕಟ್ಟಪ್ಪ. ಆ ದಿನ ಅವನಿಗೆ ಊಟ ಇಳಿಯಲಿಲ್ಲವೆಂಬುದನ್ನು ಅವನ ಪರವಾಗಿ ಇಲ್ಲಿ ದಾಖಲಿಸಬೇಕು.

ಮಾತು ಬೀದಿ ದಾಟಿತು. ಎದುರುಮನೆಯಲ್ಲಿ ನಿವೃತ್ತ ಕಾಂಪೌಂಡರ್ ಒಬ್ಬರಿದ್ದರು. ಡಾಕ್ಟರುಗಳಿಗಿಂತ ತಮಗೇ ಹೆಚ್ಚು ಗೊತ್ತೆಂದು ಅವರಿಗೆ ಗೊತ್ತಿತ್ತು. ಕರೆಯದೆಯೇ ಬಂದು ಮಾವನ ಎದುರು ಸ್ಟೂಲು ಎಳೆದುಕೊಂಡು ಕೂತರು.

“ನಾಲಿಗೆ ತೋರಿಸಿ. ಹಾಂ. ಇವತ್ತು ಯಾವ ವಾರ ಹೇಳಿ ನೋಡೋಣ?”

“ಬುಧವಾರ” ಎಂದರು ಮಾವ.

ಕಾಂಪೌಂಡರು ಮಗಳ ಕಡೆ ತಿರುಗಿ ದುಃಖದಿಂದ ತಲೆಯಾಡಿಸಿದರು. “ನೋಡಿದ್ರಾ? ಗುರುವಾರಾನ ಬುಧವಾರ ಅಂತಾರೆ.”

“ಸಾರ್, ಇವತ್ತು ಬುಧವಾರಾನೇ” ಎಂದಳು ಅವಳು.

“ಅದೇ ನಾನು ಹೇಳೋದು. ಈ ಕಾಯಿಲೆ ಹತ್ತಿರ ಇರೋರಿಗೂ ತಗಲುತ್ತೆ.” ಹೀಗೆಂದು ಒಂದು ಬಾಟಲಿ ಕಂದು ಬಣ್ಣದ ಔಷಧ ಕೊಟ್ಟು ಹೋದರು. ಮಾವ ಅದನ್ನು ಹೊತ್ತುಹೊತ್ತಿಗೆ ಶಿಸ್ತಾಗಿ ಕುಡಿದರು. ಕಾಯಿಲೆ ತಮಗೆ ಬಂದಿದೆ ಎಂಬುದರಲ್ಲಿ ಅವರಿಗೆ ಯಾವ ಅನುಮಾನವೂ ಉಳಿದಿರಲಿಲ್ಲ.

ಹೆಂಡತಿ ಅತ್ತುಕೊಂಡು ತಮ್ಮನಿಗೆ ಫೋನು ಮಾಡಿದ್ದೇ ತಡ, ಆ ಭಾವಮೈದುನ ಬಂದಿಳಿದ. ಅವನದು ಡ್ರೈವಿಂಗ್ ಸ್ಕೂಲು. ಹದಿನೈದು ವರ್ಷ ಪರರ ತಪ್ಪಿಗೆ ಬ್ರೇಕ್ ಒತ್ತಿ ಒತ್ತಿ, ಮನೆಯಲ್ಲಿ ಸೋಫಾದ ಮೇಲೆ ಕೂತಾಗಲೂ ಯಾರಾದರೂ ಮಾತು ಶುರು ಮಾಡಿದರೆ ಅವನ ಬಲಗಾಲು ನೆಲ ಒತ್ತುತ್ತಿತ್ತು. ಯೋಚಿಸುವುದೆಂದರೆ ಅವನಿಗೆ ಸಿಗ್ನಲ್ಲಿನಲ್ಲಿ ನಿಂತ ಹಾಗೆ, ತಡೆಯಲಾಗುತ್ತಿರಲಿಲ್ಲ.

“ಭಾವ, ಅಕ್ಕ, ಯಾರೂ ಅಳೋದು ಬೇಡ. ಡಾಕ್ಟ್ರಿಗೆ ತೋರಿಸೋದು, ಸರ್ಟಿಫಿಕೇಟ್ ತಗೊಳ್ಳೋದು, ಮರೆವಿನೋರಿಗೆ ಅಂತ ಊರಾಚೆ ಒಂದು ಆರೈಕೆ ಮನೆ ಇದೆ, ಅಲ್ಲಿ ಸೇರಿಸೋದು. ಮುಗೀತು.”

“ಅಪ್ಪನ್ನ ಎಲ್ಲಿಗೂ ಕಳಿಸಲ್ಲ” ಎಂದಳು ಅಕ್ಕ.

ಆಗ ಒರಗು ಕುರ್ಚಿಯಿಂದ ಮಾವನೇ ಮಾತಾಡಿದರು. “ಅವನು ಹೇಳೋದು ಸರಿ ಇದೆ ಮಗಳೇ. ಲಿಫ್ಟಿನ ಬ್ರೇಕ್ ಮೇಲೆ ಸ್ವಲ್ಪ ಅನುಮಾನ ಬಂದ್ರೂ ಅವತ್ತೇ ಬೋರ್ಡ್ ತಗಲಿಸಬೇಕು, ‘ಕೆಟ್ಟಿದೆ, ಮೆಟ್ಟಿಲು ಬಳಸಿ’ ಅಂತ. ಓಡುತ್ತಲ್ಲ ಅಂತ ಬಿಟ್ರೆ ಯಾರಾದ್ರೂ ಸಾಯ್ತಾರೆ. ನಾಳೆ ಗ್ಯಾಸ್ ಹಚ್ಚಿ ಮರೆತುಬಿಟ್ರೆ ನೀನು ಸುಟ್ಟುಹೋಗ್ತೀಯ. ನನ್ನ ಕಳಿಸಿಬಿಡು.”

ಮರೆವಿನ ಡಾಕ್ಟರು ಚಿಕ್ಕ ವಯಸ್ಸಿನವರು. ಅವರು ಕೇಳಿದ್ದಕ್ಕೆಲ್ಲ ಮಾವ ಪಟಪಟ ಉತ್ತರ ಕೊಟ್ಟರು. ತಾರೀಖು ಹೇಳಿದರು. ನೂರರಿಂದ ಏಳೇಳು ಕಳೆಯುತ್ತ ಎರಡರ ತನಕ ಇಳಿದು, “ಇನ್ನೂ ಕೆಳಗೆ ಹೋಗ್ಲಾ? ನೆಲಮಾಳಿಗೆ ಇದೆಯಾ?” ಎಂದರು. ಡಾಕ್ಟರು ಪೆನ್ನು ಮುಚ್ಚಿ, “ಇವರಿಗೆ ಏನೂ ಆಗಿಲ್ಲ” ಎನ್ನುವಷ್ಟರಲ್ಲಿ ಮಾವನೇ ತಡೆದರು.

“ಆಗಿದೆ ಡಾಕ್ಟ್ರೇ. ನಾನು ಬರೆದಿದ್ದೇ ನನಗೆ ನೆನಪಿಲ್ಲ.”

“ಹಾಗಾದ್ರೆ ಆ ಬರಹದ ಕೆಲವು ಹಾಳೆ ತನ್ನಿ. ಓದಿ ನೋಡೋಣ” ಎಂದರು ಡಾಕ್ಟರು.

ನಾಲ್ಕು ಜೊತೆ ಕಣ್ಣು ಅಚ್ಚುಕಟ್ಟಪ್ಪನ ಕಡೆ ತಿರುಗಿದವು. “ತರ್ತೀನಿ” ಎಂದ. ಮತ್ತೇನು ಹೇಳಬಲ್ಲ? ಮರುದಿನ ದಾಖಲೆ ಕೊಠಡಿಯ ಕಪಾಟಿನ ಹಿಂದೆ ಕೂತು, ತಾನು ಹೊಸೆದ ಅಧ್ಯಾಯಗಳನ್ನು ಒಂಬತ್ತು ಹಾಳೆ ಟೈಪ್ ಮಾಡಿದ. ಯಂತ್ರ ತಪ್ಪಿ ಎರಡೆರಡು ಪ್ರತಿ ಉಗುಳಿದಾಗ ಅಭ್ಯಾಸಬಲದಿಂದ ಒಂದನ್ನು ಹರಿದು ಹಾಕಿದ.

ಡಾಕ್ಟರು ಹಾಳೆಗಳನ್ನು ಗಟ್ಟಿಯಾಗಿ ಓದಿದರು. ಮಾವನಿಗೆ ಅದರಲ್ಲಿ ಒಂದು ಸಾಲೂ ನೆನಪಾಗಲಿಲ್ಲ.

“ಹತ್ತೊಂಬತ್ತು ಜನಾನ ಒಂದೇ ಕೈಲಿ ಎಳೆದೆ ಅಂತ ಇದೆಯಾ?”

“ಹಾಗಂತ ಬರ್ದಿದೀರಿ.”

“ಅಂದ್ರೆ ಮರೆವು ಒಂದೇ ಅಲ್ಲ ಡಾಕ್ಟ್ರೇ, ಸುಳ್ಳೂ ಬರ್ದಿದೀನಿ ಅಂತಾಯ್ತು” ಎಂದು ಮಾವ ತಲೆ ತಗ್ಗಿಸಿದರು.

ಲಿಫ್ಟು ಅಡ್ಡ ಹೋಗುವ ಹಾಳೆಗೆ ಬಂದಾಗ ಡಾಕ್ಟರು ಓದು ನಿಲ್ಲಿಸಿ, ಕನ್ನಡಕ ತೆಗೆದು, ಸರ್ಟಿಫಿಕೇಟಿಗೆ ಸಹಿ ಹಾಕಿದರು. ‘ಗಂಭೀರ ಸ್ವರೂಪದ ಮರೆವು’ ಎಂದು ಅದರಲ್ಲಿತ್ತು.

ಹೊರಡುವ ದಿನ ಮೋಡ ಮುಚ್ಚಿ ಬೀದಿಯೆಲ್ಲ ಬೂದು ಬಣ್ಣಕ್ಕಿತ್ತು. ಮಾವ ಬಟ್ಟೆಯ ಪೆಟ್ಟಿಗೆ ಮಾತ್ರ ತೆಗೆದುಕೊಂಡರು. ಸ್ಪಾನರುಗಳನ್ನು ಬಾಗಿಲಲ್ಲಿ ನಿಂತಿದ್ದ ಅಳಿಯನ ಕೈಗೆ ಕೊಟ್ಟು, “ನೀವೇ ಇಟ್ಕೊಳ್ಳಿ. ಸಾಲಾಗಿ ಜೋಡಿಸಿಡೋಕೆ ನಿಮಗೆ ಬರುತ್ತೆ. ಅಷ್ಟು ದಿನ ತಾಳ್ಮೆಯಿಂದ ಓದಿ ಹೇಳಿದ್ರಿ, ಉಪಕಾರ ಆಯ್ತು” ಎಂದರು. ಬೀದಿಯ ಅರ್ಧ ಜನ ಗೇಟುಗಳಲ್ಲಿ ನಿಂತಿದ್ದರು. ಕಾಂಪೌಂಡರು ದಾರಿಗೆಂದು ಇನ್ನೊಂದು ಬಾಟಲಿ ತಂದಿದ್ದರು.

ಕಾರು ಡ್ರೈವಿಂಗ್ ಸ್ಕೂಲಿನದು. ಚಾಲಕನ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇತ್ತು, ಕಲಿಯುವವರು ಎಡವಟ್ಟು ಮಾಡಿದರೆ ಕಲಿಸುವವನು ಒತ್ತಲೆಂದು. ಭಾವಮೈದುನ ಸ್ಟೀರಿಂಗ್ ಹಿಡಿದ, ಹಿಂದೆ ಮಾವ ಮತ್ತು ಹೆಂಡತಿ ಕೂತರು, ಪಕ್ಕದ ಸೀಟಿನಲ್ಲಿ ಅಚ್ಚುಕಟ್ಟಪ್ಪ. ಕಾರು ಹೊರಟಿತು. ಹತ್ತು ಗಜ ಹೋಯಿತು. ಹಿಂದಿನಿಂದ ಮಾವನ ಧ್ವನಿ ಕೇಳಿಸಿತು: “ಮಗಳೇ, ನಾನು ನಿನ್ನ ಹೆಸರು ಮರೆತ ದಿನ ನೋಡೋಕೆ ಬರಬೇಡ. ಬೇಜಾರಾಗುತ್ತೆ.”

ಅಚ್ಚುಕಟ್ಟಪ್ಪನ ಎರಡು ಕಾಲೂ ಒಟ್ಟಿಗೆ ಬ್ರೇಕಿನ ಮೇಲೆ ಬಿದ್ದವು.

ಕಾರು ಕಿರುಚಿ ಬೀದಿಯ ನಟ್ಟನಡುವೆ ನಿಂತಿತು. ಭಾವಮೈದುನನ ಹಣೆ ಹಾರ್ನಿಗೆ ಬಡಿಯಿತು. ಹಾರ್ನು ಅಲ್ಲೇ ಸಿಕ್ಕಿಕೊಂಡು ಒಂದೇ ಸಮನೆ ಅರಚತೊಡಗಿತು. ಜನ ಓಡಿಬಂದು ಕಿಟಕಿಗಳಲ್ಲಿ ತಲೆ ತೂರಿಸಿದರು.

“ಭಾವ! ಅದು ನನ್ನ ಬ್ರೇಕು!”

“ಮಾವನಿಗೆ ಏನೂ ಆಗಿಲ್ಲ!” ಎಂದು ಅಚ್ಚುಕಟ್ಟಪ್ಪ ಹಾರ್ನಿಗಿಂತ ಜೋರಾಗಿ ಕೂಗಿದ. “ಪುಸ್ತಕ ಇಲ್ಲ! ನಾನೇ ಅಳಿಸಿದ್ದು! ಓದಿದ್ದೆಲ್ಲ ನಾನು ಕಟ್ಟಿದ್ದು!”

“ಏನಂದ್ರಿ?” ಎಂದಳು ಹೆಂಡತಿ.

“ಮೂರು ಕಾಪಿ ಇದೆ ಅಂದ್ಕೊಂಡೆ! ಮೂರು ಕಿಟಕಿ ಅದು! ಮರ ಒಂದೇ!”

ಕಾಂಪೌಂಡರು ಕಿಟಕಿಯಿಂದಲೇ ಅವನ ಮಣಿಕಟ್ಟು ಹಿಡಿದು ನಾಡಿ ನೋಡುತ್ತ, “ನಾನು ಹೇಳ್ಲಿಲ್ವಾ, ಹತ್ತಿರ ಇರೋರಿಗೂ ತಗಲುತ್ತೆ ಅಂತ” ಎಂದರು.

ಭಾವಮೈದುನ ಏನೋ ತಂತಿ ಕಿತ್ತಮೇಲೆ ಹಾರ್ನು ನಿಂತಿತು. ಆ ಮೌನದಲ್ಲಿ ಅಚ್ಚುಕಟ್ಟಪ್ಪ ಮೊದಲಿಂದ ಕೊನೆಯ ತನಕ ಹೇಳಿದ. ಮುಗಿದ ಮೇಲೆ ಮಾವ ಮೆಲ್ಲಗೆ ಕೇಳಿದರು:

“ಹಾಗಾದ್ರೆ ಲಿಫ್ಟು ಅಡ್ಡ ಹೋಗಿಲ್ಲ?”

“ಇಲ್ಲ ಮಾವ.”

“ನಾನು ಹಾಗೆ ಬರ್ದಿಲ್ಲ?”

“ಇಲ್ಲ ಮಾವ.”

ಮಾವ ನಗತೊಡಗಿದರು. ಕೆಮ್ಮು ಬರುವ ತನಕ ನಕ್ಕರು. ಮಗಳು ಅವರನ್ನು ಅಪ್ಪಿಕೊಂಡು ಅಳುತ್ತ ನಕ್ಕಳು, ಹಣೆ ಊದಿದ ಮಗನೂ ನಕ್ಕ, ಕಿಟಕಿಯ ತಲೆಗಳೆಲ್ಲ ನಕ್ಕವು. “ತಲೆ ಸರಿ ಇದೆ ನಂದು! ಹಗ್ಗ, ಗಾಲಿ, ತೂಕದ ಕಲ್ಲು, ಎಲ್ಲ ಸರಿ ಇದೆ!” ಎಂದು ಮಾವ ಮುಂದಿನ ಸೀಟಿನ ಬೆನ್ನನ್ನು ತಟ್ಟಿದರು. ಆಮೇಲೆ ತಟ್ಟುತ್ತಿದ್ದ ಕೈ ಹಾಗೇ ನಿಂತಿತು.

“ಮತ್ತೆ ನನ್ನ ಪುಸ್ತಕ?”

ಒಂದೊಂದಾಗಿ ತಲೆಗಳು ಕಿಟಕಿಯಿಂದ ಹೊರಗೆ ಸರಿದವು. ಹೆಂಡತಿ ಕಾರಿನಿಂದಿಳಿದು, ಅಪ್ಪನ ಪೆಟ್ಟಿಗೆಯನ್ನು ತಾನೇ ಹೊತ್ತು, ಗಂಡನ ಮುಂದೆ ಒಂದು ಗಳಿಗೆ ನಿಂತಳು. “ಪುಸ್ತಕ ಅಳಿಸಿದ್ದು ತಿಳೀದೆ ಮಾಡಿದ್ದು, ಬಿಡಿ. ಅಪ್ಪ ಬಚ್ಚಲಲ್ಲಿ ನಿಂತು ಪಾಠ ಒಪ್ಪಿಸ್ತಿದ್ರಲ್ಲ, ಅದನ್ನ ಕೇಳಿಸಿಕೊಂಡೂ ಸುಮ್ಮನಿದ್ರಲ್ರೀ” ಎಂದಷ್ಟೇ ಹೇಳಿ ಒಳಗೆ ಹೋದಳು.

ಮನೆಯಲ್ಲಿ ಮಾತು ನಿಂತಿತು. ಕಂಪ್ಯೂಟರುಗಳು ಮಾತ್ರ ಮಾತಾಡಿಕೊಂಡಿದ್ದವು, ಅವನಿಗೆ ಅವುಗಳ ತಂತಿ ಕೀಳುವ ಮನಸ್ಸೂ ಆಗಲಿಲ್ಲ. ಪ್ರಾಯಶ್ಚಿತ್ತವೆಂದು ಸರ್ಟಿಫಿಕೇಟನ್ನಾದರೂ ರದ್ದು ಮಾಡಿಸೋಣವೆಂದು ಆಸ್ಪತ್ರೆಗೆ ಹೋದ. ಕೌಂಟರಿನ ಗುಮಾಸ್ತ ಅವನಂಥವನೇ, ತೋಳಿಗೆ ಧೂಳು ತಾಗದಂತೆ ಬಟ್ಟೆಯ ಪಟ್ಟಿ ಕಟ್ಟಿಕೊಂಡಿದ್ದ.

“ಮರೆವು ಇಲ್ಲ ಅಂತ ರೋಗೀನೇ ಅರ್ಜಿ ಕೊಡಬೇಕು.”

“ಕೊಡ್ತಾರೆ.”

“ಆದ್ರೆ ಮರೆವು ಇರೋರ ಅರ್ಜಿ ನಾವು ತಗೊಳ್ಳೋ ಹಾಗಿಲ್ಲ.”

“ಕಂಪ್ಯೂಟರಲ್ಲಿ ಅಳಿಸಿಬಿಡಿ ಸ್ವಾಮಿ.”

“ಒಂದರಲ್ಲಿ ಅಳಿಸಿದ್ರೆ ಪ್ರಯೋಜನ ಇಲ್ಲ. ನಮ್ಮಲ್ಲಿ ನಾಲ್ಕಿದೆ, ನಾಲ್ಕರಲ್ಲೂ ಕಾಪಿ ಇದೆ.”

ಅಚ್ಚುಕಟ್ಟಪ್ಪ ಕೌಂಟರಿನ ಮೇಲೆ ಬಾಗಿ, “ಕಾಪೀನಾ, ಕಿಟಕೀನಾ? ಸರಿಯಾಗಿ ವಿಚಾರಿಸಿಕೊಂಡಿದೀರಾ?” ಎಂದು ಕೇಳಿದ. ಗುಮಾಸ್ತ ಅವನನ್ನು ದಿಟ್ಟಿಸಿ ನೋಡಿ, ಮರೆವಿನ ವಿಭಾಗ ಎರಡನೇ ಮಹಡಿಯಲ್ಲಿದೆ ಎಂದು ತಿಳಿಸಿದ.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಹೆಂಡತಿ ಶಾಲೆಗೆ ಹೋಗಿದ್ದಾಗ, ಹಜಾರದಿಂದ ಮಾವ ಕೂಗಿದರು.

“ಬಾ ಇಲ್ಲಿ. ಕೂತ್ಕೋ.”

ಕರೆದದ್ದು ತನ್ನನ್ನೇ ಎಂದು ತಿಳಿಯಲು ಅಚ್ಚುಕಟ್ಟಪ್ಪನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹತ್ತೊಂಬತ್ತು ವರ್ಷದ ‘ನೀವು’ ಹೋಗಿತ್ತು. ಕೋಪದಲ್ಲಿ ಹೋಯಿತೋ, ಬೇರೆ ಏನರಲ್ಲೋ, ಧ್ವನಿಯಿಂದ ಗೊತ್ತಾಗಲಿಲ್ಲ. ಬಂದು ಕಂಪ್ಯೂಟರಿನ ಮುಂದೆ ಕೂತ.

“ಹೇಳ್ತೀನಿ, ಬರ್ಕೋ. ನಾನು ಹೇಳಿದ್ದಷ್ಟೇ. ಮೋಡ ಗೀಡ ಹಾಕಬೇಡ.”

“ಇಲ್ಲ ಮಾವ.”

ಮಾವ ಕಿಟಕಿಯ ಬೆಳಕಿನ ಕಡೆ ಮುಖ ಮಾಡಿ ಹೇಳತೊಡಗಿದರು. ಹನ್ನೆರಡು ಮಹಡಿಯ ಒಂದು ಕಟ್ಟಡ. ಒಂದು ಶನಿವಾರ ಹೊಸ ತಂತಿ ಎಳೆಯಲು ಕರೆಂಟು ತೆಗೆಯಬೇಕಿತ್ತು. ತೆಗೆಯುವ ಮೊದಲು ಲಿಫ್ಟಿನ ಬಾಗಿಲು ತೆರೆದು, ಒಳಗೆ ಯಾರೂ ಇಲ್ಲವೆಂದು ಕಣ್ಣಾರೆ ನೋಡಬೇಕು, ಅದು ನಿಯಮ. ಲಿಫ್ಟು ಆರು ಮತ್ತು ಏಳನೇ ಮಹಡಿಯ ನಡುವೆ ನಿಂತಿತ್ತು. ಇವರು ಹತ್ತಿ ಹೋಗಲಿಲ್ಲ. ಕೆಳಗೆ ನಿಂತು, ‘ಯಾರಾದ್ರೂ ಇದೀರಾ?’ ಎಂದು ಕೂಗಿದರು. ಉತ್ತರ ಬರಲಿಲ್ಲ. ‘ನೋಡಿದೆ, ಖಾಲಿ’ ಎಂದು ಕೆಲಸದ ಪುಸ್ತಕದಲ್ಲಿ ಬರೆದು ಮನೆಗೆ ಹೋದರು.

“ಒಳಗೆ ನೆಲ ಒರೆಸೋ ಹೆಂಗಸು ಇದ್ಲು. ಅವಳಿಗೆ ಕಿವಿ ಕೇಳ್ತಿರ್ಲಿಲ್ಲ.”

ಅಚ್ಚುಕಟ್ಟಪ್ಪನ ಬೆರಳು ನಿಂತವು.

“ನಿಲ್ಲಿಸಬೇಡ, ಬರಿ. ಸೋಮವಾರ ಬೆಳಿಗ್ಗೆ ನಾನೇ ಬಾಗಿಲು ತೆಗೆದೆ. ಬಕೆಟ್ ತಬ್ಬಿಕೊಂಡು ಮೂಲೇಲಿ ಕೂತಿದ್ಲು. ಬದುಕಿದ್ಲು. ನನ್ನ ಕೈ ಎರಡೂ ಹಿಡ್ಕೊಂಡು ಕಣ್ಣಿಗೆ ಒತ್ತಿಕೊಂಡ್ಲು, ನಾನು ಉಳಿಸಿದೆ ಅಂತ. ಎಲ್ಲರೂ ಹಾಗೇ ಅಂದ್ರು. ಖಾಲಿ ಅಂತ ಹೇಳಿದ್ದು ಯಾರು ಅಂತ ದೊಡ್ಡೋರು ಕೇಳಿದಾಗ, ಕೆಲಸದ ಪುಸ್ತಕದ ಆ ಹಾಳೆ ಆಗಲೇ ಹರಿದು ನನ್ನ ಜೇಬಲ್ಲಿತ್ತು. ಕಾವಲಿನವನು ನೋಡಿದ್ದ ಅಂದೆ. ಅವನಿಗೆ ನೆನಪಿರ್ಲಿಲ್ಲ. ‘ನಾನು ನೋಡಿದ್ನಾ?’ ಅಂತ ನನ್ನೇ ಕೇಳ್ದ. ನೋಡಿದೆ ಕಣಯ್ಯಾ, ಮರೆತಿದೀಯ ಅಂದೆ. ನಂಬಿಬಿಟ್ಟ. ಸಂಜೆಗೆ ಕೆಲಸ ಬಿಟ್ಟು ಹೋದ. ಹೋಗೋವಾಗ ಗೇಟಲ್ಲಿ ನಿಂತು ತಲೆ ತಲೆ ಚಚ್ಚಿಕೊಳ್ತಿದ್ದ.”

ಮಾವ ಉಸಿರು ತೆಗೆದುಕೊಂಡರು. “ಆ ಹೆಂಗಸು ಆಮೇಲೆ ಲಿಫ್ಟ್ ಹತ್ತಲಿಲ್ಲ. ಹನ್ನೊಂದು ವರ್ಷ ಬಕೆಟ್ ಹಿಡ್ಕೊಂಡು ಹನ್ನೆರಡು ಮಹಡಿ ಮೆಟ್ಟಿಲು ಹತ್ತಿದ್ಲು. ಎದುರಿಗೆ ಸಿಕ್ಕಾಗಲೆಲ್ಲ ಕೈ ಮುಗೀತಿದ್ಲು. ಕಳೆದುಹೋದ ನನ್ನ ಪುಸ್ತಕದಲ್ಲಿ ಅದನ್ನ ನಾನು ಉಳಿಸಿದ ಕಥೆ ಅಂತಾನೇ ಬರ್ದಿದ್ದೆ. ಇಪ್ಪತ್ತು ಪುಟ. ಇಷ್ಟೇ. ಓದು.”

ಅವನು ಓದಿದ. ಪರದೆಯ ಮೇಲಿದ್ದುದನ್ನು ಇದ್ದ ಹಾಗೆ, ಒಂದು ಪದ ಸೇರಿಸದೆ, ಒಂದು ಪದ ಬಿಡದೆ ಓದಿದ. ಮಾವ ಕದಲದೆ ಕೇಳಿದರು.

“ಸರಿ ಇದೆ. ಈಗ ಅಳಿಸು.”

“ಮಾವ...”

“ಅಳಿಸಯ್ಯಾ. ಅದೊಂದು ನಿನಗೆ ಚೆನ್ನಾಗಿ ಬರುತ್ತೆ.”

ಅವನು ಅಳಿಸಿದ.

“ಪುಸ್ತಕ ಮತ್ತೆ ಮೊದಲಿಂದ ಶುರು ಮಾಡೋಣ್ವಾ ಮಾವ? ಕಚೇರಿಯಿಂದ ಬಂದ ಮೇಲೆ ದಿನಾ ಬರ್ಕೊಡ್ತೀನಿ.”

“ಬೇಡ. ಬರೆಯೋ ಹಾಗಿದ್ದದ್ದು ಇದೊಂದೇ. ಬರ್ದಾಯ್ತು.” ಮಾವ ಕುರ್ಚಿಗೆ ಒರಗಿದರು. “ಮೂರರಲ್ಲೂ ಹೋಗಿದೆಯಾ ನೋಡ್ಕೊಂಡು ಬಾ.”

ಅಚ್ಚುಕಟ್ಟಪ್ಪ ಅಡುಗೆಮನೆ ಪಕ್ಕದ ಮೇಜಿಗೆ ಹೋಗಿ ನೋಡಿದ. ಮಲಗುವ ಕೋಣೆಗೆ ಹೋಗಿ ನೋಡಿದ. ತಿರುಗಿ ಬಂದು ಮಾವನ ಪಕ್ಕದಲ್ಲಿ ನಿಂತುಕೊಂಡ.

“ಮೂರರಲ್ಲೂ ಹೋಗಿದೆ ಮಾವ.”

“ಹೂಂ” ಎಂದರು ಮುದುಕರು. ಸ್ವಲ್ಪ ಹೊತ್ತಾದ ಮೇಲೆ, “ಒಂದು ಲೋಟ ಟೀ ಮಾಡ್ತೀಯಾ?” ಎಂದು ಕೇಳಿದರು.